ಅಣ್ಣನ ಹೆಸರಿನಾಚೆ ಬ್ರೊನಿಸ್ಲಾವಾ ನಿಜಿನ್ಸ್ಕಾ: ಬ್ಯಾಲೆ ನೋಡಿದವರು, ನೋಡದವರು ಎಲ್ಲರೂ ಬನ್ನಿ

ಸಂಜೆಮಲ್ಲಿಗೆ

ಬ್ಯಾಲೆ ಯಾವತ್ತೂ ನೋಡದವರಿಗೂ ನಿಜಿನ್ಸ್ಕಿ ಎಂಬ ಹೆಸರು ಎಲ್ಲೋ ಕಿವಿಗೆ ಬಿದ್ದಿರುತ್ತದೆ. ಹಾರಿದರೆ ಗಾಳಿಯಲ್ಲೇ ಒಂದು ಗಳಿಗೆ ನಿಲ್ಲುತ್ತಿದ್ದನಂತೆ, ಬ್ಯಾಲೆ ತಂಡದ ಯಜಮಾನ ದಿಯಾಗಿಲೆವ್ ಅವನನ್ನು ಮೆರೆಸಿದನಂತೆ, ಆಮೇಲೆ ಹೊರಹಾಕಿದನಂತೆ, ಮೂವತ್ತರ ಹೊತ್ತಿಗೆಲ್ಲ ಮನಸ್ಸು ಕೆಟ್ಟಿತಂತೆ. ದಂತಕಥೆಗೆ ಬೇಕಾದ ಸಾಮಾನೆಲ್ಲ ಅವನ ಬದುಕಿನಲ್ಲಿದೆ. ಅವನ ತಂಗಿ ಬ್ರೊನಿಸ್ಲಾವಾ ನಿಜಿನ್ಸ್ಕಾ ವಿಷಯ ಎತ್ತಿದರೆ ಮಾತ್ರ ‘ಹೌದಾ, ತಂಗಿಯೂ ಒಬ್ಬಳಿದ್ದಳಾ?’ ಅನ್ನುತ್ತಾರೆ.

ಅಣ್ಣ ಸಂಯೋಜಿಸಿದ ಬ್ಯಾಲೆಗಳು ಒಟ್ಟು ನಾಲ್ಕು. ತಂಗಿಯವು 60ಕ್ಕೂ ಹೆಚ್ಚು. ದಿಯಾಗಿಲೆವ್‌ನ ‘ಬ್ಯಾಲೆ ರುಸ್’ ತಂಡದಲ್ಲಿ ನೃತ್ಯ ಸಂಯೋಜಿಸಿದ ಒಬ್ಬಳೇ ಹೆಂಗಸು ಆಕೆ. ‘ಅಣ್ಣನ ನೆರಳಲ್ಲಿ ಬೆಳೆದವಳು’ ಅನ್ನುವ ಮಾತು ಎಲ್ಲ ಕಡೆ ಇದೆಯಲ್ಲ, ಅದು ಅರ್ಧ ಸತ್ಯವೂ ಅಲ್ಲ ಅಂತ ನನ್ನ ವಾದ. ಅಣ್ಣನ ಹೊಸತನ ಮೊದಲು ಇಳಿದಿದ್ದೇ ಆಕೆಯ ಮೈಮೇಲೆ.

ಹುಟ್ಟಿದ್ದು ಮಿನ್ಸ್ಕ್ ಊರಿನಲ್ಲಿ, 1891ರ ಜನವರಿ 8. ಹಳೆಯ ರಷ್ಯನ್ ಪಂಚಾಂಗದ ಲೆಕ್ಕದಲ್ಲಿ 1890ರ ಡಿಸೆಂಬರ್ 27. ಅಪ್ಪ ಅಮ್ಮ ಇಬ್ಬರೂ ಊರೂರು ತಿರುಗುವ ಪೋಲಿಷ್ ನೃತ್ಯಗಾರರು. ಅಪ್ಪ ಸಂಸಾರ ಬಿಟ್ಟು ಹೋದ ಮೇಲೆ ಅಮ್ಮ ಎಲಿಯೊನೊರಾ ಮೂರು ಮಕ್ಕಳನ್ನು ಕಟ್ಟಿಕೊಂಡು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನೆಲೆ ನಿಂತರು. ದೊಡ್ಡ ಮಗ ಸ್ಟಾನಿಸ್ಲಾವ್ ಚಿಕ್ಕಂದಿನಲ್ಲೇ ಕಿಟಕಿಯಿಂದ ಬಿದ್ದು ಬುದ್ಧಿ ಬೆಳೆಯಲಿಲ್ಲ. ಉಳಿದಿಬ್ಬರಿಗೂ ಚಕ್ರವರ್ತಿಯ ನೃತ್ಯಶಾಲೆಯಲ್ಲಿ ಜಾಗ ಸಿಕ್ಕಿತು, ಆ ಹೆಸರಾಂತ ಅಣ್ಣ ವಾಸ್ಲಾವ್‌ಗೆ 1898ರಲ್ಲಿ, ಬ್ರೊನಿಸ್ಲಾವಾಗೆ, ಅಂದರೆ ಮನೆಯವರ ಬ್ರೊನಿಯಾಗೆ, 1900ರಲ್ಲಿ. ಅಲ್ಲಿ ಸೇರಿದ ಮಗುವಿನ ಊಟ, ಬಟ್ಟೆ, ಪಾಠ, ಮುಂದಿನ ಕೆಲಸ ಎಲ್ಲ ಅರಮನೆಯ ಪಾಲಿಗೆ. ಆ ತಾಯಿಗೆ ಅದೆಷ್ಟು ದೊಡ್ಡ ಆಸರೆ ಅಂತ ಬಿಡಿಸಿ ಹೇಳಬೇಕಿಲ್ಲ.

1908ರಲ್ಲಿ ಕಲಿಕೆ ಮುಗಿಸಿ ಮಾರಿಯಿನ್ಸ್ಕಿ ರಂಗಮಂದಿರ ಸೇರಿದರು, ಮರುವರ್ಷ ಪ್ಯಾರಿಸ್‌ಗೆ ದಿಯಾಗಿಲೆವ್ ಜೊತೆ. 1911ರಲ್ಲಿ ‘ಜಿಸೆಲ್’ ಬ್ಯಾಲೆಯ ಉಡುಪಿನ ತಕರಾರಿನಲ್ಲಿ ಅಣ್ಣನನ್ನು ಮಾರಿಯಿನ್ಸ್ಕಿಯಿಂದ ತೆಗೆದುಹಾಕಿದಾಗ ಬ್ರೊನಿಯಾ ತಾವೂ ರಾಜೀನಾಮೆ ಕೊಟ್ಟು ಹೊರಬಂದರು. ಖಾಯಂ ಸರ್ಕಾರಿ ಕೆಲಸ, ಸ್ವಾಮಿ. ಇಪ್ಪತ್ತರ ಹುಡುಗಿ ಬಿಟ್ಟು ನಡೆದಳು.

ಅದಕ್ಕೂ ಸ್ವಲ್ಪ ಮೊದಲೇ ಮನೆಯೊಳಗೆ, ಯಾರಿಗೂ ಹೇಳದೆ, ಅಣ್ಣ ತನ್ನ ಮೊದಲ ಬ್ಯಾಲೆಯ ಚಲನೆಗಳನ್ನು ತಂಗಿಯ ಮೇಲೆ ಪ್ರಯತ್ನಿಸುತ್ತಿದ್ದ. 1912ರ ‘ಫಾನ್‌ನ ಮಧ್ಯಾಹ್ನ’ (ಫಾನ್ ಅಂದರೆ ಅರ್ಧ ಮನುಷ್ಯ, ಅರ್ಧ ಆಡಿನ ರೂಪದ ಕಾಡುದೇವತೆ) ಹುಟ್ಟಿದ್ದು ಹಾಗೆ. ಕೈ ಇಷ್ಟು ಬಗ್ಗಿಸು, ಪಾದ ಹೀಗೆ ಇಡು, ಮುಖ ಪಕ್ಕಕ್ಕೆ, ಎದೆ ಮಾತ್ರ ಎದುರಿಗೆ. 1913ರ ‘ವಸಂತದ ಬಲಿ’ಯಲ್ಲಿ ಕುಣಿಕುಣಿದು ಸಾಯುವ ಕನ್ಯೆಯ ಪಾತ್ರವನ್ನೂ ತಂಗಿಯ ಮೇಲೆಯೇ ಕಟ್ಟಿದ್ದ. ಅಷ್ಟರಲ್ಲಿ ಆಕೆ ಬಸುರಿ. ವಿಷಯ ತಿಳಿದು ಅಣ್ಣ ಕೂಗಾಡಿದ್ದನ್ನು ಆಕೆಯೇ ಬರೆದುಕೊಂಡಿದ್ದಾರೆ. ಪಾತ್ರ ಮರಿಯಾ ಪಿಲ್ಟ್ಸ್ ಎಂಬಾಕೆಗೆ ಹೋಯಿತು. ಬ್ಯಾಲೆಯ ಮೊದಲ ಪ್ರದರ್ಶನದ ರಾತ್ರಿ ಪ್ಯಾರಿಸ್‌ನ ಪ್ರೇಕ್ಷಕರಲ್ಲಿ ಎದ್ದ ಗಲಾಟೆ ಚರಿತ್ರೆಯ ಪುಟ ಸೇರಿತು. ಕುಣಿತದ ಮೊದಲ ಅಚ್ಚು ಯಾರ ಮೈಯಲ್ಲಿ ಬಿದ್ದಿತ್ತು ಅನ್ನುವುದು ಸೇರಲಿಲ್ಲ.

ಇನ್ನು ನೀವು ಹೇಳಿ.

ಮೂಲೆಮನೆ

ಬರಹ ಚೆನ್ನಾಗಿದೆ ಮೇಡಂ, ಆದರೆ ವಾದ ಒಪ್ಪುವುದಿಲ್ಲ. ಅಣ್ಣನ ಹೆಸರಿಲ್ಲದೆ ದಿಯಾಗಿಲೆವ್ ಆಕೆಯನ್ನು ಒಳಗೆ ಬಿಟ್ಟುಕೊಳ್ಳುತ್ತಿದ್ದನೇ? ಆ ಕಾಲದ ಬ್ಯಾಲೆಯಲ್ಲಿ ಮುಖ್ಯ ನರ್ತಕಿ ಅಂದರೆ ಸಣ್ಣ ಮುಖ, ನಯವಾದ ಭುಜ. ಬ್ರೊನಿಸ್ಲಾವಾ ಗಟ್ಟಿಮುಟ್ಟು, ಗಂಡಸರ ಹಾಗೆ ಹಾರುತ್ತಿದ್ದವರು. ರೂಪದ ಲೆಕ್ಕದಲ್ಲಿ ಅವರನ್ನು ಎರಡನೇ ಸಾಲಿಗೆ ತಳ್ಳುತ್ತಿದ್ದರು. ಉಪನಾಮವೇ ಅವರ ರಹದಾರಿ. ಇದು ಅವಮಾನದ ಮಾತಲ್ಲ, ವ್ಯವಹಾರದ ಮಾತು.

ಇನ್ನೊಂದು. ಒಬ್ಬನ ಪ್ರಯೋಗಕ್ಕೆ ಮೈ ಕೊಟ್ಟವರನ್ನೆಲ್ಲ ಸಹಕರ್ತೃ ಅನ್ನಲು ಹೊರಟರೆ ಪ್ರತಿ ಸಂಯೋಜಕನ ಹಿಂದೆ ಇಪ್ಪತ್ತು ಹೆಸರು ಬರೆಯಬೇಕಾಗುತ್ತದೆ.

ಸಂಜೆಮಲ್ಲಿಗೆ

ಬರೆದರೆ ತಪ್ಪೇನು?

ರಹದಾರಿಯ ಮಾತಿಗೆ ಬರುತ್ತೇನೆ. 1914ರಲ್ಲಿ ಯುದ್ಧ ಶುರುವಾದಾಗ ಬ್ರೊನಿಯಾ ರಷ್ಯಾದಲ್ಲಿ ಸಿಕ್ಕಿಕೊಂಡರು. ಅಣ್ಣ ಒಂದು ಕಡೆ, ತಂಗಿ ಒಂದು ಕಡೆ, ಮುಂದಿನ ಏಳು ವರ್ಷ ಮುಖ ನೋಡಿದ್ದಿಲ್ಲ. ಆ ಏಳು ವರ್ಷದಲ್ಲೇ ಆಕೆ ಸಂಯೋಜಕಿ ಆದದ್ದು. ಗಂಡನ ಕೆಲಸದ ನೆಪದಲ್ಲಿ ಕೀವ್‌ಗೆ ಹೋದರು, ಅಲ್ಲಿ ಚಿತ್ರಕಾರ್ತಿ ಅಲೆಕ್ಸಾಂದ್ರಾ ಎಕ್ಸ್‌ತೆರ್ ಪರಿಚಯವಾಯಿತು. ರೇಖೆ, ಕೋನ, ಖಾಲಿ ಜಾಗ, ಇವುಗಳ ಬಗ್ಗೆ ಯೋಚಿಸುವುದು ಅಲ್ಲಿಂದ ಬಂತು. 1919ರಲ್ಲಿ ‘ಚಲನೆಯ ಶಾಲೆ’ ಅಂತ ಸ್ವಂತದ್ದೊಂದು ತೆರೆದರು. ಹೊರಗೆ ಅಂತರ್ಯುದ್ಧ, ಊರು ಇವತ್ತು ಒಬ್ಬರ ಕೈಯಲ್ಲಿ, ನಾಳೆ ಇನ್ನೊಬ್ಬರ ಕೈಯಲ್ಲಿ. ಆ ವರ್ಷವೇ ಎರಡನೇ ಮಗು. ಅಂಥ ಹೊತ್ತಿನಲ್ಲಿ ಕಥೆಯೇ ಇಲ್ಲದ, ಬರೀ ಚಲನೆಯ ನೃತ್ಯಗಳನ್ನು ಕಟ್ಟುತ್ತಿದ್ದರು. ಆ ಶಾಲೆಯ ಹುಡುಗ ಸೆರ್ಜ್ ಲಿಫಾರ್ ಮುಂದೆ ಪ್ಯಾರಿಸ್ ಒಪೇರಾದ ಬ್ಯಾಲೆಯನ್ನೇ ಆಳಿದ.

1921ರಲ್ಲಿ ಮುದುಕಿ ತಾಯಿ, ಇಬ್ಬರು ಮಕ್ಕಳನ್ನು ಕರೆದುಕೊಂಡು ಗಡಿ ದಾಟಿ ಪೋಲೆಂಡ್ ಸೇರಿದರು. ಅಲ್ಲಿಂದ ವಿಯೆನ್ನಾದ ಆಸ್ಪತ್ರೆಗೆ, ಅಣ್ಣನನ್ನು ನೋಡಲು. ಆಗಲೇ ಅವನು ಬೇರೆ ಲೋಕದಲ್ಲಿದ್ದ. ದಿಯಾಗಿಲೆವ್ ಆಮೇಲೆ ಕರೆಸಿಕೊಂಡಿದ್ದು ಲಂಡನ್‌ಗೆ, ‘ಸ್ಲೀಪಿಂಗ್ ಪ್ರಿನ್ಸೆಸ್’ ಎಂಬ ಭಾರಿ ಖರ್ಚಿನ ಪ್ರದರ್ಶನಕ್ಕೆ. ಅಣ್ಣನ ಮೇಲಿನ ಪ್ರೀತಿಗಲ್ಲ ಸರ್, ಸಂಯೋಜಕರಿಲ್ಲದೆ ತಂಡ ಕುಂಟುತ್ತಿತ್ತು ಅದಕ್ಕೆ. ಅದರಲ್ಲಿ ಆಕೆ ಹೊಸದಾಗಿ ಸೇರಿಸಿದ ‘ಮೂವರು ಇವಾನರು’ ಕುಣಿತ ಆಮೇಲೂ ಎಷ್ಟೋ ದಶಕ ಬ್ರಿಟಿಷ್ ರಂಗದಲ್ಲಿ ಉಳಿದಿತ್ತು.

ಲಂಡನ್‌ಮಳೆ

ವಾದ ನಡೆಯಲಿ. ಆದರೆ ಇಲ್ಲಿವರೆಗೆ ಯಾರೂ ಆಕೆಯ ‘ಲೆ ನೊಸ್’ (ಅಂದರೆ ‘ಮದುವೆ’) ಬ್ಯಾಲೆಯ ಬಗ್ಗೆ ಬಾಯಿ ಬಿಟ್ಟಿಲ್ಲ. ಅದನ್ನು ಬಿಟ್ಟು ನಿಜಿನ್ಸ್ಕಾ ಬಗ್ಗೆ ಮಾತಾಡುವುದು ಹೇಗೆ?

2012ರ ಬೇಸಿಗೆಯಲ್ಲಿ ಲಂಡನ್‌ನ ಕೋವೆಂಟ್ ಗಾರ್ಡನ್ ರಂಗಮಂದಿರದಲ್ಲಿ ರಾಯಲ್ ಬ್ಯಾಲೆ ತಂಡ ಇದನ್ನು ಆಡಿತು. ಜೊತೆಗೆ ಇಂಗ್ಲಿಷ್ ಸಂಯೋಜಕ ಫ್ರೆಡರಿಕ್ ಆಷ್ಟನ್‌ರ ಎರಡು ಬ್ಯಾಲೆಗಳು. ಅಗ್ಗದ ಟಿಕೆಟ್, ಮೇಲಿನ ಕಟ್ಟಕಡೆಯ ಸಾಲು. ಅಷ್ಟು ಎತ್ತರದಿಂದ ನೋಡಿದ್ದೇ ಒಳ್ಳೆಯದಾಯಿತು, ಯಾಕೆಂದರೆ ಇದರಲ್ಲಿ ನೋಡಬೇಕಾದ್ದು ಒಬ್ಬೊಬ್ಬರ ಮುಖವಲ್ಲ, ಗುಂಪಿನ ಆಕಾರ.

ಮದುವೆಯ ಕಥೆ. ನಾಲ್ಕು ದೃಶ್ಯ: ಹೆಣ್ಣಿನ ಮನೆಯಲ್ಲಿ ಜಡೆ ಹಾಕುವುದು, ಗಂಡಿನ ಮನೆಯಲ್ಲಿ ಆಶೀರ್ವಾದ, ಹೆಣ್ಣನ್ನು ಕಳಿಸಿಕೊಡುವುದು, ಮದುವೆ ಊಟ. ಇಪ್ಪತ್ತೈದು ನಿಮಿಷವೂ ಹಿಡಿಯುವುದಿಲ್ಲ. ಪರದೆ ಎದ್ದಾಗ ಹುಡುಗಿ ನಡುವೆ ನಿಂತಿದ್ದಾಳೆ, ಎರಡೂ ಕಡೆಯಿಂದ ಗೆಳತಿಯರು ಆಳುದ್ದದ ಜಡೆಗಳನ್ನು ಹಿಡಿದಿದ್ದಾರೆ. ಹಗ್ಗ ಹಾಕಿ ಕಟ್ಟಿದ್ದಾರೋ ಅಂದುಕೊಳ್ಳಬೇಕು. ಉಡುಪು ಎಲ್ಲರಿಗೂ ಒಂದೇ, ಕಂದು ಮತ್ತು ಬಿಳಿ. ಹಿಂದೆ ಬೋಳು ಗೋಡೆ, ಸಣ್ಣ ಕಿಟಕಿ. ಹೂವಿಲ್ಲ, ಕಸೂತಿ ಇಲ್ಲ. ಆಮೇಲೆ ಗೆಳತಿಯರು ಒಬ್ಬರ ಮೇಲೊಬ್ಬರು ತಲೆ ಇಟ್ಟು ಮಡಕೆಯ ಮೇಲೆ ಮಡಕೆ ಪೇರಿಸಿದ ಹಾಗೆ ಮುಖಗಳ ಗೋಪುರ ಕಟ್ಟುತ್ತಾರೆ. ಅದರ ತುದಿಯಲ್ಲಿ ಹುಡುಗಿ ಬಂದು ಗಲ್ಲ ಊರುತ್ತಾಳೆ. ಅಳುವುದಿಲ್ಲ, ಮುಖ ಕಿವುಚುವುದಿಲ್ಲ. ಸುಮ್ಮನೆ ಎದುರಿಗೆ ನೋಡುತ್ತಾಳೆ.

ಗಂಡು ಹೆಣ್ಣು ಜೋಡಿಯಾಗಿ ಕುಣಿಯುವ ಒಂದು ತುಂಡೂ ಇಲ್ಲ. ಪ್ರೇಮ ಅನ್ನುವ ಸುದ್ದಿಯೇ ಇಲ್ಲ. ಊರಿಗೆ ಮದುವೆ ಬೇಕು, ಊರು ಮಾಡಿಸುತ್ತದೆ. ಕುಣಿಯುವುದೆಲ್ಲ ಊರೇ. ಮದುಮಕ್ಕಳು ಕೊನೆಯ ದೃಶ್ಯದಲ್ಲಿ ಹಿಂದಿನ ಎತ್ತರದ ಕಟ್ಟೆಯ ಮೇಲೆ ಅಪ್ಪ ಅಮ್ಮಂದಿರ ಜೊತೆ ಕೂತಿರುತ್ತಾರೆ, ಕೆಳಗೆ ಜನ ನೆಲ ನಡುಗುವಂತೆ ಹಾರುತ್ತಾರೆ. ಆಮೇಲೆ ಅವರಿಬ್ಬರನ್ನು ಕೋಣೆಗೆ ಕಳಿಸಿ ಬಾಗಿಲು ಹಾಕುತ್ತಾರೆ.

ಇದನ್ನು ಮಾಡಿದ್ದು 1923ರಲ್ಲಿ. ಜೂನ್ 13, ಪ್ಯಾರಿಸ್. ಇವತ್ತಿಗೂ ಹಳತು ಅನ್ನಿಸಲಿಲ್ಲ ನನಗೆ.

ಬಯಲಾಟ

ಅಲ್ರೀ, ಇದನ್ನ ಓದಿ ನನಗ ಮೈ ಜುಂ ಅಂತು. ನಮ್ಮ ಕಡೆ ಮದುವ್ಯಾಗ ಹೆಣ್ಣ ಒಪ್ಪಿಸೊ ಹೊತ್ತಿಗೆ ಹಾಡತಾರಲ್ಲ, ಆ ಹಾಡಿನ್ಯಾಗೂ ಹುಡುಗಿಗೆ ಮಾತೇ ಇರೂದಿಲ್ಲ. ಹಾಡೂದೆಲ್ಲ ಉಳಿದ ಹೆಣ್ಮಕ್ಕಳು, ಅಳೂದು ಅವ್ವ. ಹುಡುಗಿ ತಲಿ ಬಗ್ಗಿಸಿ ನಿಂತಿರತಾಳ. ರಷ್ಯಾದ ಹಳ್ಳಿ ಮದುವೀನೂ ಹಂಗ ಇತ್ತು ಅಂತ ಇವತ್ತ ಗೊತ್ತಾತು.

ಒಂದು ಕೇಳತೀನಿ. ರಷ್ಯಾದ ಹಳ್ಳಿ ಅರಿವಿ ಅಂದ್ರ ಕೆಂಪು, ಹಳದಿ, ಹೂ ಬಳ್ಳಿ, ಎಲ್ಲಾ ಝಗಝಗ ಇರತಾವ. ಈ ಅಕ್ಕಾರು ಕಂದು ಬಣ್ಣ ಯಾಕ ಹಿಡದ್ರು? ರೊಕ್ಕ ಇರಲಿಲ್ಲೇನು?

ಸಂಜೆಮಲ್ಲಿಗೆ

ರೊಕ್ಕದ ಪ್ರಶ್ನೆ ಅಲ್ಲ, ಅದೇ ಈ ಕಥೆಯ ತಿರುಳು.

ವಸ್ತ್ರ, ರಂಗಸಜ್ಜಿಕೆ ನಟಾಲಿಯಾ ಗೊಂಚರೋವಾ ಅವರದು. ಮೊದಲು ಅವರು ಬರೆದ ಚಿತ್ರಗಳು ನೀವು ಹೇಳಿದ ಹಾಗೇ, ಬಣ್ಣವೋ ಬಣ್ಣ. ದಿಯಾಗಿಲೆವ್‌ಗೆ, ಸಂಗೀತ ಬರೆದ ಸ್ಟ್ರಾವಿನ್ಸ್ಕಿಗೆ ಅದು ಹಿಡಿಸಿತ್ತು. ಪ್ಯಾರಿಸ್ ಜನಕ್ಕೆ ಬೇಕಾಗಿದ್ದ ರಷ್ಯಾ ಅದೇ. ನಿಜಿನ್ಸ್ಕಾ ನೋಡಿ ಆಗುವುದಿಲ್ಲ ಅಂದರು. ಹೊಸದಾಗಿ ಬಂದ ಹೆಂಗಸು, ಕೈಯಲ್ಲಿ ಇಬ್ಬರು ಮಕ್ಕಳು, ತಾಯಿ, ಸಂಪಾದನೆ ಈ ಒಬ್ಬ ಯಜಮಾನನಿಂದ. ಹಾಗಾದರೆ ಈ ಕೆಲಸ ನಿನಗಿಲ್ಲ ಎಂಬ ಅರ್ಥದ ಉತ್ತರ ಬಂತು. ಆಕೆ ಮಣಿಯಲಿಲ್ಲ. ಮರುವರ್ಷ ದಿಯಾಗಿಲೆವ್ ತಾನೇ ಮತ್ತೆ ಕೇಳಿಕೊಂಡು ಬಂದ, ಉಡುಪು ಆಕೆ ಹೇಳಿದಂತೆ ಆಯಿತು. ಗೊಂಚರೋವಾ ಕೂಡ ದೊಡ್ಡವರೇ. ಮೊದಲಿನದನ್ನೆಲ್ಲ ಪಕ್ಕಕ್ಕಿಟ್ಟು ಹೊಸದು ಬರೆದುಕೊಟ್ಟರು.

ಪ್ಯಾರಿಸ್‌ನಲ್ಲಿ ಕೂತಿದ್ದ ಗಂಡಸರಿಗೆ ರಷ್ಯಾ ಅಂದರೆ ನೆನಪು. ಆಕೆ ಎರಡು ವರ್ಷದ ಹಿಂದಷ್ಟೇ ಅಲ್ಲಿನ ಹಸಿವು, ಗುಂಡಿನ ಸದ್ದು ಕೇಳಿ ಬಂದವರು. ಬಣ್ಣದ ಹಳ್ಳಿ ಆಕೆಯ ಕಣ್ಣಲ್ಲಿ ಉಳಿದಿರಲಿಲ್ಲ.

ಶ್ರುತಿಪೆಟ್ಟಿಗೆ

ಸಂಗೀತದ ಕಡೆಯಿಂದ ಸ್ವಲ್ಪ. ಸ್ಟ್ರಾವಿನ್ಸ್ಕಿ ಇದನ್ನು ಯುದ್ಧಕಾಲದಲ್ಲಿ ಶುರು ಮಾಡಿ ವರ್ಷಗಟ್ಟಲೆ ವಾದ್ಯ ಬದಲಿಸುತ್ತ ಕೂತರು. ಕೊನೆಗೆ ನಿಂತಿದ್ದು ನಾಲ್ಕು ಪಿಯಾನೊ, ಬಡಿಯುವ ವಾದ್ಯಗಳ ಒಂದು ಸಾಲು, ನಾಲ್ವರು ಗಾಯಕರು, ಹಿಂದೆ ಕೋರಸ್. ಪಿಟೀಲು ಇಲ್ಲ, ಕೊಳಲಿಲ್ಲ. ಪಿಯಾನೊವನ್ನೂ ಬಡಿಯುವ ವಾದ್ಯವಾಗಿಯೇ ಬಳಸಿದ್ದಾರೆ. ಲೆಕ್ಕ ಎರಡು, ಮೂರು, ಐದು ಅಂತ ಗಳಿಗೆಗೊಮ್ಮೆ ಬದಲಾಗುತ್ತದೆ. ನಮ್ಮಲ್ಲಿ ತಾಳದ ಆವರ್ತ ಒಂದು ಇರುತ್ತದೆ, ಎಲ್ಲಿಗೆ ಹೋದರೂ ಸಮಕ್ಕೆ ಮರಳಬಹುದು. ಇಲ್ಲಿ ಆ ಸಮವೇ ಇಲ್ಲ. ನರ್ತಕರು ಇಡೀ ಬ್ಯಾಲೆ ಬಾಯಲ್ಲೇ ಎಣಿಸಿಕೊಂಡು ಕುಣಿಯಬೇಕು. ಒಬ್ಬಳು ಒಂದು ಎಣಿಕೆ ತಪ್ಪಿದರೆ ಮುಖದ ಗೋಪುರ ಅಲ್ಲೇ ಕುಸಿಯುತ್ತದೆ.

ಇನ್ನೊಂದು ಮಾತು, ಬಹಳ ಜನಕ್ಕೆ ಗೊತ್ತಿಲ್ಲ. ರವೆಲ್ ಬರೆದ ‘ಬೊಲೆರೊ’ ಕೇಳದವರು ಕಡಿಮೆ, ಅದೇ ರಾಗ ಮತ್ತೆ ಮತ್ತೆ ಬಂದು ಸದ್ದು ಏರುತ್ತಾ ಹೋಗುವುದು. ಅದು ಬರೆದದ್ದೇ ಬ್ಯಾಲೆಗೆ. 1928ರ ನವೆಂಬರ್ 22ರಂದು ಪ್ಯಾರಿಸ್ ಒಪೇರಾದಲ್ಲಿ ಮೊದಲ ಸಲ ಆಡಿದಾಗ ನೃತ್ಯ ಸಂಯೋಜನೆ ಬ್ರೊನಿಸ್ಲಾವಾ ನಿಜಿನ್ಸ್ಕಾ ಅವರದು. ಸ್ಪೇನ್‌ನ ಒಂದು ಹೆಂಡದಂಗಡಿ, ಮೇಜಿನ ಮೇಲೆ ಆ ತಂಡದ ಒಡತಿ ಇಡಾ ರುಬಿನ್‌ಸ್ಟೈನ್ ಕುಣಿಯುತ್ತಾಳೆ, ಸುತ್ತ ಗಂಡಸರು ಹತ್ತಿರ ಹತ್ತಿರ ಬರುತ್ತಾರೆ. ಮುಂದೆ ಯಾರು ಯಾರೋ ಮಾಡಿದ ಬೊಲೆರೊಗಳಲ್ಲಿ ಆ ಮೇಜು ಮತ್ತೆ ಮತ್ತೆ ಬರುತ್ತದೆ.

ಮೂಲೆಮನೆ

ಬೊಲೆರೊ ವಿಷಯ ಚೆನ್ನಾಗಿದೆ. ಆದರೆ ‘ಲೆ ನೊಸ್’ ಬಂದಾಗ ಎಲ್ಲರೂ ತಲೆದೂಗಿದರು ಅಂತ ಇಲ್ಲಿ ಓದುವವರು ತಿಳಿಯಬಾರದು. ಪ್ಯಾರಿಸ್‌ನ ದೊಡ್ಡ ವಿಮರ್ಶಕ ಆಂದ್ರೆ ಲೆವಿನ್ಸನ್ ಇದರಲ್ಲಿ ವ್ಯಕ್ತಿಯೇ ಕಾಣೆ, ಎಲ್ಲ ಗುಂಪಿನಲ್ಲಿ ಕರಗಿಹೋಗಿದ್ದಾರೆ, ಇದು ಮಾರ್ಕ್ಸ್‌ವಾದಿ ಕುಣಿತ ಅಂತ ದೂರಿದ. 1926ರಲ್ಲಿ ಲಂಡನ್‌ನಲ್ಲಿ ಆಡಿದಾಗ ಪತ್ರಿಕೆಗಳು ಹರಿಹಾಯ್ದವು. ಕಾದಂಬರಿಕಾರ ಎಚ್.ಜಿ. ವೆಲ್ಸ್ ಬ್ಯಾಲೆಯ ಪರವಾಗಿ ಬಹಿರಂಗ ಪತ್ರ ಬರೆಯಬೇಕಾಯಿತು.

ನನಗೂ ಲೆವಿನ್ಸನ್ ಮಾತಿನಲ್ಲಿ ಹುರುಳಿದೆ ಅನ್ನಿಸುತ್ತದೆ. ನೃತ್ಯ ನೋಡುವುದು ಒಬ್ಬ ನರ್ತಕನ ಮೈ ಏನು ಹೇಳುತ್ತದೆ ಅಂತ ತಾನೆ? ಇಲ್ಲಿ ಯಾರ ಹೆಸರನ್ನು ನೆನಪಿಟ್ಟುಕೊಳ್ಳುವುದು?

ನಟುವಾಂಗ

ಮೂವತ್ತು ವರ್ಷದಿಂದ ಭರತನಾಟ್ಯ ಕಲಿಸುತ್ತಿದ್ದೇನೆ, ಹಾಗಾಗಿ ಇದಕ್ಕೆ ಉತ್ತರ ಕೊಡುವುದು ನನ್ನ ಪಾಲಿಗೆ ಬಂತು. ನಮ್ಮ ಕಲೆ ಪೂರ್ತಿ ಒಬ್ಬಳ ಮೇಲೆ ನಿಂತಿದೆ. ಒಬ್ಬಳೇ ಯಶೋದೆ, ಒಬ್ಬಳೇ ಕೃಷ್ಣ, ಕಣ್ಣೇ ಎಲ್ಲ. ಆದ್ದರಿಂದ ಮೊದಲ ಸಲ ಈ ಬ್ಯಾಲೆ ನೋಡಿದಾಗ ನನಗೂ ಮೂಲೆಮನೆಯವರ ಹಾಗೇ ಒಣಗಲು ಅನ್ನಿಸಿತು. ಎರಡನೇ ಸಲ ಪಾದ ನೋಡಿದೆ.

ಬ್ಯಾಲೆಯಲ್ಲಿ ಹೆಂಗಸರು ಪಾಯಿಂಟ್ ಶೂ ಹಾಕಿ ಬೆರಳ ತುದಿಯ ಮೇಲೆ ಏಳುವುದು ಹಗುರ ಕಾಣಲಿಕ್ಕೆ. ನೆಲ ಬಿಟ್ಟು ತೇಲುವ ಅಪ್ಸರೆ, ಹಂಸ, ಆತ್ಮ, ಇಂಥವಕ್ಕೆ. ನಿಜಿನ್ಸ್ಕಾ ಅದೇ ಶೂವನ್ನು ಹಳ್ಳಿಯ ಹೆಂಗಸರ ಕಾಲಿಗೆ ಹಾಕಿದರು, ನೆಲ ಕುಟ್ಟಲಿಕ್ಕೆ. ಜಡೆ ಹೆಣೆಯುವ ಜಾಗದಲ್ಲಿ ಗೆಳತಿಯರು ಬೆರಳ ತುದಿಯ ಮೇಲೆ ನಿಂತು ಎರಡೂ ಪಾದಗಳನ್ನು ಹಿಂದೆ ಮುಂದೆ ಒಂದರ ಮೇಲೊಂದು ದಾಟಿಸುತ್ತಾರೆ, ಚುಚ್ಚುವ ಹಾಗೆ, ಬಿಡುವಿಲ್ಲದೆ. ಗಮನಿಸಿದರೆ ಆ ಪಾದಗಳೇ ಜಡೆ ಹೆಣೆಯುತ್ತಿವೆ! ಕೈ ಮುಷ್ಟಿ ಕಟ್ಟಿದೆ, ಮೊಣಕೈ ಬಗ್ಗಿದೆ. ಬೆರಳ ತುದಿಯ ಮೇಲೆ ಎದ್ದ ಮೈ ಉದ್ದಕ್ಕೆ ಎಳೆದಂತಾಗಿ ಹಳೆಯ ಚರ್ಚುಗಳ ಗೋಡೆಯ ಸಂತರ ಚಿತ್ರದ ಹಾಗೆ ಕಾಣುತ್ತದೆ. ಅಭಿನಯ ಇಲ್ಲ ಅನ್ನುತ್ತೀರಿ. ನನ್ನ ಕಣ್ಣಿಗೆ ಅಭಿನಯವೆಲ್ಲ ಮುಖದಿಂದ ಇಳಿದು ಪಾದಕ್ಕೆ ಬಂದಿದೆ.

ಅಂದ ಹಾಗೆ ಅದೇ 1923ರಲ್ಲಿ, ಲಂಡನ್‌ನಲ್ಲಿ, ಅನ್ನಾ ಪಾವ್ಲೋವಾ ನಮ್ಮ ಉದಯ್ ಶಂಕರ್ ಜೊತೆ ರಾಧಾಕೃಷ್ಣರ ನೃತ್ಯ ಆಡಿದರು. ಪಾವ್ಲೋವಾ ಕೂಡ ಪೀಟರ್ಸ್‌ಬರ್ಗ್‌ನ ಅದೇ ಶಾಲೆಯಿಂದ ಬಂದವರು. ಒಬ್ಬರು ಪೂರ್ವದ ಕಡೆ ನೋಡಿದರು, ಇನ್ನೊಬ್ಬರು ತಮ್ಮದೇ ಹಳ್ಳಿಯ ಕಡೆ.

ಅಂಚೆಡಬ್ಬಿ

ನೀವೆಲ್ಲ ಆಕೆಯನ್ನು ಬರೀ ಗಂಭೀರ ಮಾಡಿಟ್ಟಿದ್ದೀರಿ. ಮದುವೆ ಬ್ಯಾಲೆ ಆದ ಏಳೇ ತಿಂಗಳಿಗೆ, 1924ರ ಜನವರಿ 6ರಂದು ಮಾಂಟೆ ಕಾರ್ಲೊದಲ್ಲಿ ‘ಲೆ ಬಿಶ್’ ಮಾಡಿದವರೂ ಇವರೇ ಸ್ವಾಮಿ. ಪೂಲೆಂಕ್ ಸಂಗೀತ, ಮರಿ ಲೊರೆನ್ಸಾಂ ಅವರ ತಿಳಿ ಗುಲಾಬಿ ಬಣ್ಣಗಳು. ಶ್ರೀಮಂತರ ಮನೆಯ ಒಂದು ಪಾರ್ಟಿ, ಒಂದು ದೊಡ್ಡ ನೀಲಿ ಸೋಫಾ, ಮೈ ತೋರಿಸಿಕೊಂಡು ಬರುವ ಮೂವರು ಕಟ್ಟುಮಸ್ತು ಗಂಡಸರು. ಹುಡುಗನ ಹಾಗೆ ತುಂಡು ನೀಲಿ ಮಖಮಲ್ ಅಂಗಿ, ಬಿಳಿ ಕೈಚೀಲ ಹಾಕಿದ ಒಬ್ಬಳು ಯಾರ ಕಡೆಯೂ ನೋಡದೆ ಬೆರಳ ತುದಿಯ ಮೇಲೆ ರಂಗ ದಾಟಿ ಹೋಗುತ್ತಾಳೆ. ಯಾರು ಯಾರ ಮೇಲೆ ಮನಸ್ಸಿಟ್ಟಿದ್ದಾರೆ ಅಂತ ಬಾಯಿ ಬಿಟ್ಟು ಹೇಳುವುದೇ ಇಲ್ಲ, ಎಲ್ಲ ಕತ್ತಿನ ಕೊಂಕಿನಲ್ಲಿ. ಆ ಮನೆಯೊಡತಿಯ ಪಾತ್ರ, ಕೊರಳ ತುಂಬ ಮುತ್ತಿನ ಸರ, ಕೈಯಲ್ಲಿ ಉದ್ದನೆಯ ಸಿಗರೇಟು ಕಡ್ಡಿ, ಅದನ್ನು ಕುಣಿದಿದ್ದು ನಿಜಿನ್ಸ್ಕಾ ತಾವೇ.

ಅದೇ ವರ್ಷದ ಜೂನ್‌ನಲ್ಲಿ ‘ಲ ತ್ರೆಂ ಬ್ಲೂ’ (ನೀಲಿ ರೈಲು). ಶ್ರೀಮಂತರನ್ನು ಸಮುದ್ರತೀರಕ್ಕೆ ಒಯ್ಯುತ್ತಿದ್ದ ರೈಲಿನ ಹೆಸರು, ಬ್ಯಾಲೆಯಲ್ಲಿ ರೈಲೇ ಇಲ್ಲ. ಕೊಕ್ತೊ ಕಥೆ, ಮಿಯೊ ಸಂಗೀತ, ಪಿಕಾಸೊ ಚಿತ್ರದ ಮುಂಪರದೆ, ಉಡುಪು ಕೊಕೊ ಶನೆಲ್. ಉಡುಪು ಅಂದರೆ ನಿಜವಾದ ಈಜುಡುಗೆ, ಟೆನಿಸ್ ಬಟ್ಟೆ, ಹೆಣೆದ ಉಣ್ಣೆಯದು. ಅದನ್ನು ಹಾಕಿಕೊಂಡು ಒಬ್ಬರನ್ನೊಬ್ಬರು ಎತ್ತಿ ಹಿಡಿಯಬೇಕು, ಉಣ್ಣೆ ಕೈಗೆ ಸಿಗದೆ ಜಾರುತ್ತದೆ. ಆಂಟನ್ ಡೋಲಿನ್ ಎಂಬ ಹುಡುಗ ಸರ್ಕಸ್‌ನವರ ಹಾಗೆ ಲಾಗ ಹಾಕುತ್ತಿದ್ದ. ಟೆನಿಸ್ ಆಡುವವಳ ಪಾತ್ರದಲ್ಲಿ ಮತ್ತೆ ನಿಜಿನ್ಸ್ಕಾ.

ಬಯಲಾಟ

ಬಿಳಿ ಕೈಚೀಲ ಅಂದ್ರ ಸಂತಿ ಚೀಲ ಹಿಡಕೊಂಡು ಕುಣದ್ಲು ಅಂದ್ಕೊಂಡೆ ನಾನು 😄 ಕೈಗವಸು ಅನ್ರಿ.

ಅಂಚೆಡಬ್ಬಿ

😄 ಕೈಗವಸೇ. ಸಂತೆಗೆ ಹೋಗುವ ಪೈಕಿ ಅಲ್ಲ ಅವಳು.

ಸಂಜೆಮಲ್ಲಿಗೆ

1925ರ ಆರಂಭದಲ್ಲಿ ದಿಯಾಗಿಲೆವ್ ತಂಡ ಬಿಟ್ಟು ಸ್ವಂತ ಸಣ್ಣ ತಂಡ ಕಟ್ಟಿದರು. ಇಂಗ್ಲೆಂಡಿನ ಸಮುದ್ರತೀರದ ಊರುಗಳಲ್ಲಿ, ರಜೆಗೆ ಬಂದ ಜನರ ಮುಂದೆ ಬಾಖ್ ಸಂಗೀತಕ್ಕೆ ಕಥೆಯಿಲ್ಲದ ಬ್ಯಾಲೆ ಆಡಿಸಿದ ಧೈರ್ಯ ನೋಡಿ. ಅದಕ್ಕೆ ಎಕ್ಸ್‌ತೆರ್ ಮಾಡಿಕೊಟ್ಟ ಉಡುಪು ಗಂಡಿಗೂ ಹೆಣ್ಣಿಗೂ ಒಂದೇ. ದುಡ್ಡು ಉಳಿಯಲಿಲ್ಲ. ಅಲ್ಲಿಂದ ಮುಂದೆ ಯಾರು ಕರೆದರೆ ಅಲ್ಲಿಗೆ: ಬ್ಯೂನಸ್ ಐರಿಸ್‌ನ ಕೊಲೊನ್ ರಂಗಮಂದಿರ, ಇಡಾ ರುಬಿನ್‌ಸ್ಟೈನ್ ತಂಡ, 1934ರಲ್ಲಿ ತಮ್ಮದೇ ತಂಡದಲ್ಲಿ ‘ಹ್ಯಾಮ್ಲೆಟ್’. ಹ್ಯಾಮ್ಲೆಟ್ ಪಾತ್ರ ಕುಣಿದಿದ್ದು ಯಾರು ಅಂತೀರಿ? ಅವರೇ. ಮೂಲೆಮನೆಯವರು ಹೇಳಿದ ಆ ‘ಗಂಡಸರ ಹಾಗೆ ಹಾರುವ’ ಮೈ ಅಲ್ಲಿ ಉಪಯೋಗಕ್ಕೆ ಬಂತು.

1935ರಲ್ಲಿ ಕಾರು ಅಪಘಾತ. ಮಗ ಲೆಯೊ ಹೋದ, ಮಗಳು ಇರಿನಾಗೆ ತೀವ್ರ ಪೆಟ್ಟು. ಅದರ ಬಗ್ಗೆ ಹೆಚ್ಚು ಬರೆಯಲು ಮನಸ್ಸು ಬರುತ್ತಿಲ್ಲ.

1937ರಲ್ಲಿ ವಾರ್ಸಾದ ಪೋಲಿಷ್ ಬ್ಯಾಲೆ ತಂಡವನ್ನು ಕಟ್ಟಿ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ದೊಡ್ಡ ಬಹುಮಾನ ತಂದರು. ಎರಡು ವರ್ಷದಲ್ಲಿ ಮತ್ತೆ ಯುದ್ಧ, ಈ ಸಲ ಅಮೆರಿಕ. 1940ರಲ್ಲಿ ನ್ಯೂಯಾರ್ಕ್‌ನ ‘ಬ್ಯಾಲೆ ಥಿಯೇಟರ್’ ತಂಡ ತನ್ನ ಮೊದಲ ಸೀಸನ್ ಆಡಿದಾಗ ಅದರಲ್ಲಿ ಇವರ ‘ಫಿಯ್ ಮಾಲ್ ಗಾರ್ದೆ’ ಇತ್ತು. ಮುಂದಿನ ವರ್ಷ ಹಾಲಿವುಡ್‌ನಲ್ಲಿ ಶಾಲೆ. ಕಿವಿ ಮಂದವಾಗುತ್ತಾ ಬಂದಿತ್ತು, ಇಂಗ್ಲಿಷ್ ಸರಾಗವಿರಲಿಲ್ಲ, ಬಾಯಿಗಿಂತ ಮೈಯಲ್ಲೇ ಮಾಡಿ ತೋರಿಸುವ ಪಾಠ. ಅಲ್ಲಿ ಕಲಿತ ಮರಿಯಾ ಟಾಲ್‌ಚೀಫ್ ಓಸೇಜ್ ಬುಡಕಟ್ಟಿನ ಹುಡುಗಿ, ಮುಂದೆ ನ್ಯೂಯಾರ್ಕ್ ಸಿಟಿ ಬ್ಯಾಲೆಯ ಮೊದಲ ದೊಡ್ಡ ತಾರೆ. ತಂಗಿ ಮಾರ್ಜರಿ ಕೂಡ ಅಲ್ಲೇ ಕಲಿತವಳು.

ಲಂಡನ್‌ಮಳೆ

ಆಷ್ಟನ್ ವಿಷಯ ಹೇಳದೆ ಬಿಟ್ಟಿರಿ. ಇಡಾ ರುಬಿನ್‌ಸ್ಟೈನ್ ತಂಡದಲ್ಲಿ 1928ರಲ್ಲಿ ನಿಜಿನ್ಸ್ಕಾ ಕೈಕೆಳಗೆ ಗುಂಪಿನ ಸಾಲಿನಲ್ಲಿ ಕುಣಿಯುತ್ತಿದ್ದ ಒಬ್ಬ ಇಂಗ್ಲಿಷ್ ಹುಡುಗ ಫ್ರೆಡರಿಕ್ ಆಷ್ಟನ್. ತನ್ನ ಕುಣಿತ ಮುಗಿದ ಮೇಲೂ ಮನೆಗೆ ಹೋಗದೆ ಆಕೆ ಕೆಲಸ ಮಾಡುವುದನ್ನು ನೋಡುತ್ತ ಕೂರುತ್ತಿದ್ದನಂತೆ. ಮೂವತ್ತೈದು ವರ್ಷದ ಮೇಲೆ ಅದೇ ಹುಡುಗ ರಾಯಲ್ ಬ್ಯಾಲೆಯ ನಿರ್ದೇಶಕ. ಎಪ್ಪತ್ತು ದಾಟಿದ, ಜನ ಹೆಚ್ಚುಕಡಿಮೆ ಮರೆತಿದ್ದ ಗುರುವನ್ನು ಲಂಡನ್‌ಗೆ ಕರೆಸಿದ. 1964ರಲ್ಲಿ ‘ಲೆ ಬಿಶ್’, 1966ರಲ್ಲಿ ‘ಲೆ ನೊಸ್’, ಎರಡನ್ನೂ ಆಕೆಯೇ ಕೂತು ಹೇಳಿಕೊಟ್ಟರು. ಮದುಮಗಳಾಗಿ ಸ್ವೆಟ್ಲಾನಾ ಬೆರಿಯೊಸೊವಾ. ನಾನು 2012ರಲ್ಲಿ ನೋಡಿದ್ದು ಆ ಪಾಠದ ಮುಂದುವರಿಕೆಯನ್ನೇ. ಆ ಸಂಜೆ ಗುರುವಿನ ಒಂದು, ಶಿಷ್ಯನ ಎರಡು ಬ್ಯಾಲೆ ಇಟ್ಟವರಿಗೆ ಲೆಕ್ಕ ಗೊತ್ತಿತ್ತು.

ನಟುವಾಂಗ

ಇದು ನಮಗೆ ಅರ್ಥವಾಗುವ ಮಾತು. ಗುರುವಿನ ಬಾಯಿಂದ, ಮೈಯಿಂದ ಶಿಷ್ಯೆಗೆ ಬರದಿದ್ದರೆ ಜತಿ ಪುಸ್ತಕದಲ್ಲಿ ಬರೆದಿಟ್ಟು ಏನು ಮಾಡುತ್ತೀರಿ?

ಅಣ್ಣನ ‘ವಸಂತದ ಬಲಿ’ಯ ಗತಿ ನೋಡಿ. ಅಷ್ಟು ಗಲಾಟೆ ಮಾಡಿದ ಬ್ಯಾಲೆ ಹತ್ತಕ್ಕಿಂತ ಕಡಿಮೆ ಪ್ರದರ್ಶನ ಕಂಡು ನಿಂತಿತು, ಯಾರಿಗೂ ಪೂರ್ತಿ ನೆನಪಿರಲಿಲ್ಲ. 1987ರಲ್ಲಿ ಮಿಲಿಸೆಂಟ್ ಹಾಡ್ಸನ್ ಎಂಬ ವಿದ್ವಾಂಸೆ ಚಿತ್ರ, ಟಿಪ್ಪಣಿ, ಉಳಿದವರ ನೆನಪು ಎಲ್ಲ ಕೂಡಿಸಿ ಅಮೆರಿಕದ ಜಾಫ್ರಿ ಬ್ಯಾಲೆ ತಂಡಕ್ಕೆ ಮತ್ತೆ ಕಟ್ಟಿಕೊಟ್ಟರು. ದೊಡ್ಡ ಕೆಲಸ, ಆದರೆ ಅದು ಕಟ್ಟಿದ್ದು. ತಂಗಿಯ ಮದುವೆ ಬ್ಯಾಲೆ ಹಾಗಲ್ಲ, ಆಕೆಯೇ ನಿಂತು ಕಲಿಸಿದ್ದು.

ಮೂಲೆಮನೆ

ಇಲ್ಲಿ ನನ್ನ ಕಡೆಯ ತಕರಾರು ಹೇಳಿಬಿಡುತ್ತೇನೆ. ಅರವತ್ತು ಚಿಲ್ಲರೆ ಬ್ಯಾಲೆ ಅನ್ನುತ್ತೀರಿ. ಇವತ್ತು ರಂಗದ ಮೇಲೆ ಸಿಗು‌ವುದು ಎಷ್ಟು? ‘ಲೆ ನೊಸ್’, ‘ಲೆ ಬಿಶ್’, ಆಮೇಲೆ? ಹ್ಯಾಮ್ಲೆಟ್ ಎಲ್ಲಿ, ಬಾಖ್ ಬ್ಯಾಲೆ ಎಲ್ಲಿ, ಬೊಲೆರೊ ಎಲ್ಲಿ? ಉಳಿದದ್ದರ ಆಧಾರದ ಮೇಲೆ ನೋಡಿದರೆ ಅಣ್ಣನದು ಒಂದು, ತಂಗಿಯದು ಎರಡು. ಅರವತ್ತು ಅನ್ನುವ ಸಂಖ್ಯೆಯಿಂದ ವಾದ ಗೆಲ್ಲಲು ಬರುವುದಿಲ್ಲ. ‘ಲೆ ನೊಸ್’ ಒಂದರಿಂದ ಗೆಲ್ಲಬಹುದು, ಅದನ್ನು ಒಪ್ಪುತ್ತೇನೆ.

ಸಂಜೆಮಲ್ಲಿಗೆ

ಆ ಒಂದರಿಂದಲೇ ಗೆಲ್ಲುತ್ತೇನೆ ಬಿಡಿ. ಆದರೆ ಕಳೆದುಹೋದದ್ದು ಯಾಕೆ ಕಳೆದುಹೋಯಿತು ಅನ್ನುವುದೂ ಲೆಕ್ಕಕ್ಕೆ ಬರಬೇಕು. ಸ್ವಂತ ತಂಡ, ಸ್ವಂತ ರಂಗಮಂದಿರ ಇಪ್ಪತ್ತು ವರ್ಷ ಒಂದೇ ಕಡೆ ಸಿಕ್ಕವರ ಬ್ಯಾಲೆ ಉಳಿಯುತ್ತವೆ. ಸಂಯೋಜಕ ಬಾಲಂಚೀನ್‌ಗೆ ನ್ಯೂಯಾರ್ಕ್ ಸಿಕ್ಕಿತು, ಆಷ್ಟನ್‌ಗೆ ಲಂಡನ್. ನಿಜಿನ್ಸ್ಕಾಗೆ ಸಿಕ್ಕಿದ್ದು ಒಂದೊಂದು ಸೀಸನ್ನಿನ ಕರಾರು. ಅಣ್ಣನ ಕಾಯಿಲೆ, ಎರಡು ಯುದ್ಧ, ಒಂದು ಕ್ರಾಂತಿ, ಕೈಯಲ್ಲಿ ಮಕ್ಕಳು.

ಮಗಳು ಇರಿನಾ ಇಲ್ಲದಿದ್ದರೆ ಇಷ್ಟೂ ಸಿಗುತ್ತಿರಲಿಲ್ಲ. 1972ರ ಫೆಬ್ರವರಿ 21ರಂದು ಕ್ಯಾಲಿಫೋರ್ನಿಯಾದಲ್ಲಿ ತಾಯಿ ತೀರಿಕೊಂಡ ಮೇಲೆ ಪೆಟ್ಟಿಗೆಗಟ್ಟಲೆ ಟಿಪ್ಪಣಿ ತೆಗೆದು, ತಾಯಿಯ ನೆನಪಿನ ಪುಸ್ತಕವನ್ನು 1981ರಲ್ಲಿ ಅಚ್ಚು ಮಾಡಿಸಿದರು. ಅದು 1914ಕ್ಕೇ ನಿಂತುಹೋಗುತ್ತದೆ. ನನಗೆ ಅದೊಂದು ಕೊರಗು. ಅಷ್ಟು ಪುಟದಲ್ಲೂ ಹೆಚ್ಚಿನದು ಅಣ್ಣನ ಕಥೆಯೇ, ತನ್ನ ಕಥೆ ಶುರುವಾಗುವ ಹೊತ್ತಿಗೆ ಪುಸ್ತಕ ಮುಗಿಯುತ್ತದೆ. 1980ರ ದಶಕದಲ್ಲಿ ಓಕ್‌ಲ್ಯಾಂಡ್ ಬ್ಯಾಲೆಗೆ ತಾಯಿಯ ಬ್ಯಾಲೆಗಳನ್ನು ಕಲಿಸಿದವರೂ ಇರಿನಾ. ‘ಲ ತ್ರೆಂ ಬ್ಲೂ’ 1989ರಲ್ಲಿ ಮತ್ತೆ ರಂಗಕ್ಕೆ ಬಂದಿದ್ದು ಅಲ್ಲೇ.

ಬಯಲಾಟ

ಸರಿ, ಇಷ್ಟೆಲ್ಲಾ ಓದಿದ ಮ್ಯಾಲೆ ನೋಡದ ಬಿಡಾಕಾಗೂದಿಲ್ಲ. ಬ್ಯಾಲೆ ಜಲ್ಮದಾಗ ನೋಡಿದವ ಅಲ್ಲ ನಾನು. ಎಲ್ಲಿಂದ ಚಾಲೂ ಮಾಡ್ಲಿ? ಮನ್ಯಾಗ ಅವ್ವನೂ ನೋಡತೀನಿ ಅಂತಾಳ.

ಲಂಡನ್‌ಮಳೆ

ರಾಯಲ್ ಬ್ಯಾಲೆಯ ‘ಲೆ ನೊಸ್’ ದಾಖಲೆ ಡಿವಿಡಿಯಾಗಿ ಬಂದಿದೆ, ಹುಡುಕಿ. ಸದ್ದು ಜೋರಾಗಿಯೇ ಇಡಿ, ಪಿಯಾನೊ ಪೆಟ್ಟು ಕೇಳಬೇಕು. ಹಾಡಿನ ಮಾತು ರಷ್ಯನ್, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅವ್ವನವರಿಗೆ ಮೂರನೇ ದೃಶ್ಯದ ಕೊನೆ ತೋರಿಸಿ, ಹುಡುಗಿ ಹೊರಟುಹೋದ ಮೇಲೆ ರಂಗದಲ್ಲಿ ತಾಯಿ ಒಬ್ಬಳೇ ಉಳಿಯುತ್ತಾಳೆ. ಅವರು ಏನಂದರು ಅಂತ ಇಲ್ಲಿ ಬರೆಯಿರಿ.

ನಟುವಾಂಗ

ನೀವು ಮಾತ್ರ ಮೊದಲ ದೃಶ್ಯದಲ್ಲಿ ಮುಖ ಬಿಟ್ಟು ಪಾದ ನೋಡಿ.